ತೀರ್ಥಹಳ್ಳಿಯಲ್ಲಿ ತೆರೆದ ಪೆಟ್ಟಿಗೆ

ಕಾರಿನಲ್ಲಿ ಮುಂದೆ ಎಡಗಡೆ ಕುಳಿತವರ ಮೊಣಕಾಲಿಗೆ ಎದುರಾಗಿ ಒಂದು ಪೆಟ್ಟಿಗೆ ಇರುತ್ತದಷ್ಟೆ. ಅದರ ಹೆಸರು ಗ್ಲೋವ್ ಬಾಕ್ಸ್, ಅಂದರೆ ಕೈಗವಸಿನ ಪೆಟ್ಟಿಗೆ. ಮೋಟಾರು ಗಾಡಿಗಳು ಹೊಸದಾಗಿ ಬಂದ ಕಾಲದಲ್ಲಿ ಅವಕ್ಕೆ ಸರಿಯಾದ ಛಾವಣಿ ಇರಲಿಲ್ಲ. ಚಳಿಯ ದೇಶದವರು ಕೈ ಮರಗಟ್ಟದಿರಲೆಂದು ಕೈಗವಸು ತೊಟ್ಟೇ ಓಡಿಸುತ್ತಿದ್ದರು. ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬ ದಿಟ್ಟ ಮಹಿಳೆ 1909ರಲ್ಲಿ ಹೆಂಗಸರಿಗಾಗಿ ಒಂದು ಮೋಟಾರು ಕೈಪಿಡಿ ಬರೆದು, ಸೀಟಿನ ಕೆಳಗಿನ ಚಿಕ್ಕ ಡ್ರಾಯರಿನಲ್ಲಿ ಕೈಗವಸು ಇಟ್ಟುಕೊಳ್ಳಿ ಎಂದು ಸಲಹೆ ಕೊಟ್ಟಿದ್ದಳು. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಕೈಗವಸು ತೊಟ್ಟು ಕಾರು ಓಡಿಸಿದವರನ್ನು ನಾನಂತೂ ಕಂಡಿಲ್ಲ. ಇಲ್ಲಿ ಆ ಪೆಟ್ಟಿಗೆಯಲ್ಲಿರುವುದು ಎಲೆಯಡಿಕೆ ಸಂಚಿ, ಸುಣ್ಣದ ಡಬ್ಬಿ, ಅಡಿಕೆ ಮಂಡಿಯ ಚೀಟಿಗಳು, ಮಳೆಗಾಲದಲ್ಲಿ ಉಂಬಳಕ್ಕೆ ಹಾಕುವ ಉಪ್ಪಿನ ಪೊಟ್ಟಣ. ಕಳೆದ ಜೂನ್ ತಿಂಗಳ ಒಂದು ದಿನ ಮಾತ್ರ ಅಂಥದೊಂದು ಪೆಟ್ಟಿಗೆಯಲ್ಲಿ ನಮ್ಮ ಮನೆಯ ಹುಡುಗಿಯೊಬ್ಬಳ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮೂಲ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ ಎಲ್ಲವೂ ಒಂದು ನೀಲಿ ಫೈಲಿನಲ್ಲಿ ಇದ್ದವು.

ಹುಡುಗಿ ನನ್ನ ಭಾವನ ಮಗಳು, ನನ್ನ ಹೆಂಡತಿಯ ಅಣ್ಣನ ಮಗಳು. ಸಾಗರದ ಹತ್ತಿರ ಅವರ ಅಡಿಕೆ ತೋಟ. ಭಾವ ಹೋದ ವರ್ಷ ಬೆಂಗಳೂರಿನಿಂದ ಒಂದು ಹಳೆಯ ವಿದೇಶಿ ಕಾರು ತಂದಿದ್ದರು. ಹನ್ನೊಂದು ವರ್ಷ ಓಡಿದ ಗಾಡಿ. ಹೊಸದಿದ್ದಾಗ ಸಿರಿವಂತರ ಅಂಗಳದಲ್ಲಿ ನಿಂತಿದ್ದು, ಈಗ ಹೊಸ ಸಣ್ಣ ಕಾರಿಗಿಂತ ಕಡಿಮೆ ಬೆಲೆಗೆ ಸಿಕ್ಕಿತ್ತು. ಕಂಪನಿಯ ಹೆಸರು, ಮಾರಿದವರ ಹೆಸರು ಇಲ್ಲಿ ಬೇಡ. ಚರ್ಮದ ಸೀಟು, ನೆರಳಿನಂಥ ಸದ್ದಿಲ್ಲದ ಎಂಜಿನ್ನು. ಆದರೆ ಇಂಥ ಗಾಡಿಗಳ ಗುಟ್ಟು ಏನೆಂದರೆ ಬೆಲೆ ಹಳೆಯದಾಗುತ್ತದೆ, ಬಿಡಿಭಾಗದ ಬೆಲೆ ಹಳೆಯದಾಗುವುದಿಲ್ಲ.

ಹುಡುಗಿಗೆ ಭೌತಶಾಸ್ತ್ರ ಓದುವ ಆಸೆ. ತೀರ್ಥಹಳ್ಳಿಯಲ್ಲಿ ಅಜ್ಜಿಯ ಮನೆ ಇದೆ, ಅಲ್ಲೇ ಇದ್ದುಕೊಂಡು ಬಿ.ಎಸ್ಸಿ. ಮಾಡುವುದೆಂದು ಅವಳೇ ಅರ್ಜಿ ಹಾಕಿ ಸೀಟು ಪಡೆದಿದ್ದಳು. ಭಾವನಿಗೆ ಮನಸ್ಸಿರಲಿಲ್ಲ. ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನವರು ದಿನಕ್ಕೆರಡು ಸಲ ಫೋನ್ ಮಾಡುತ್ತಲೇ ಇದ್ದರು. "ಬಿ.ಎಸ್ಸಿ. ಮಾಡಿ ಎಂತ ಮಾಡ್ತಾಳೆ ಭಾವ? ಮತ್ತೆ ಬಿ.ಎಡ್. ಮಾಡಿ ನಿಮ್ಮಂಗೆ ಸೀಮೆಸುಣ್ಣ ಹಿಡಿಯದಾ?" ಎಂದು ನನ್ನನ್ನೇ ಕೇಳಿದ್ದರು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನು ಅದಕ್ಕೇನು ಉತ್ತರ ಕೊಡಬೇಕು? ಸುಮ್ಮನೆ ನಕ್ಕೆ. ಆ ದಿನ ಮಧ್ಯಾಹ್ನ 2 ಗಂಟೆಯೊಳಗೆ ಮೂಲ ದಾಖಲೆಗಳೊಂದಿಗೆ ಹಾಜರಾಗದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿದ್ದವರಿಗೆ ಹೋಗುವುದೆಂದು ಕಾಲೇಜಿನವರು ತಿಳಿಸಿದ್ದರು. ನನ್ನನ್ನು ಜೊತೆಗೆ ಕರೆದವಳು ಹುಡುಗಿಯೇ.

ಬೆಳಿಗ್ಗೆ ಏಳಕ್ಕೆ ಹೊರಟು, ಮೊದಲು ಇಕ್ಕೇರಿಯ ಅಘೋರೇಶ್ವರನಿಗೆ ಕೈಮುಗಿದು ಆಮೇಲೆ ಹೊಸನಗರದ ದಾರಿ ಹಿಡಿಯುವುದೆಂದು ಭಾವನ ಅಪ್ಪಣೆ. ಇಕ್ಕೇರಿ ಸಾಗರದಿಂದ 6 ಕಿ.ಮೀ. ದೂರ. ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿ. ಈಗ ದೇವಸ್ಥಾನ, ಅದರ ಎದುರಿಗೆ ಮಂಟಪದಲ್ಲಿ ಕುಳಿತ ಭಾರಿ ನಂದಿ, ಸುತ್ತ ತೋಟ ಗದ್ದೆಗಳು. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಅಲ್ಲಿ ಎರಡು ಸಂಗತಿ ತಪ್ಪದೆ ತೋರಿಸುತ್ತೇನೆ. ಒಂದು, ಗರ್ಭಗುಡಿಯ ಮುಂದಿನ ನೆಲದಲ್ಲಿ ಸಾಷ್ಟಾಂಗ ಬಿದ್ದಿರುವ ಮೂವರು ನಾಯಕರ ಕೆತ್ತನೆ; ಅವರಲ್ಲಿ ಹುಚ್ಚ ಸೋಮಪ್ಪ ನಾಯಕನ ಕೈಕಾಲಿಗೆ ಸಂಕೋಲೆ ಇದೆ. ಇನ್ನೊಂದು, ನಡುವಿನ ಕಂಬಗಳ ಅಂತರ. ಹಳೆಯ ಮೈಸೂರು ಗೆಜೆಟಿಯರ್ ಪ್ರಕಾರ ಆ ಅಂತರವೇ, ಅಂದರೆ 18 ಅಡಿ 6 ಅಂಗುಲವೇ, ಈ ಸೀಮೆಯ ತೋಟದ ಭೂಮಿಯ ಅಳತೆಕೋಲು. ಅದಕ್ಕೆ 'ದಾಯ' ಎಂದು ಹೆಸರು. ಅಡಿಕೆ ತೋಟದ ಕಂದಾಯವನ್ನು ಆ ಲೆಕ್ಕದಲ್ಲಿ ಕಟ್ಟುತ್ತಿದ್ದರು. ಮರದ ಕೋಲನ್ನು ಯಾರಾದರೂ ರಾತ್ರೋರಾತ್ರಿ ಕೊಯ್ದು ಗಿಡ್ಡ ಮಾಡಬಹುದು, ಕಲ್ಲಿನ ಕಂಬವನ್ನು ಸರಿಸುವವರು ಯಾರು? ಅಳತೆಯ ಮಾನದಂಡ ಎಲ್ಲರ ಕಣ್ಣೆದುರು, ಯಾರ ಕೈಗೂ ಸಿಗದಂತೆ ಇರಬೇಕೆಂಬುದನ್ನು ಇದಕ್ಕಿಂತ ಚೆನ್ನಾಗಿ ಪಾಠಪುಸ್ತಕ ಹೇಳಲಾರದು.

ದೇವಸ್ಥಾನದಿಂದ ಹೊರಬಂದು, ಅರ್ಜಿಯ ಸಂಖ್ಯೆ ನೋಡಬೇಕೆಂದು ಹುಡುಗಿ ಪೆಟ್ಟಿಗೆಯ ಹಿಡಿ ಎಳೆದಳು. ಹಿಡಿ ಸಲೀಸಾಗಿ ಬಂತು, ಮುಚ್ಚಳ ಬರಲಿಲ್ಲ. ಬಲಗಡೆ ಅರ್ಧ ಬೆರಳಿನಷ್ಟು ತೆರೆದುಕೊಂಡಿತು, ಎಡಗಡೆ ಅಂಟಿಸಿದಂತೆ ನಿಂತಿತು. ಭಾವ ಬಂದು ಜಗ್ಗಿದರು. ಮುಚ್ಚಳ ಚೌಕ ತಪ್ಪಿ ತಿರುಚಿಕೊಂಡಿತು. ನಾನು ಅವರ ಕೈ ಹಿಡಿದೆ. "ಬೆಳಿಗ್ಗೆ ಮುಚ್ಚುವಾಗ ಒಳಗೆ ಪಟ್ ಅಂತ ಸದ್ದಾಯ್ತು ಮಾವ" ಎಂದಳು ಹುಡುಗಿ, ಸಣ್ಣ ದನಿಯಲ್ಲಿ.

ಭಾವ ಕಾರು ಮಾರಿದವರಿಗೆ ಫೋನ್ ಮಾಡಿದರು. ಅತ್ತಲಿಂದ ಬಂದ ಉತ್ತರ: ಯಾರ ಕೈಲೂ ಮುಟ್ಟಿಸಬೇಡಿ, ಬೆಂಗಳೂರಿಗೆ ತನ್ನಿ, ಇಡೀ ಅಸೆಂಬ್ಲಿಯೇ ಬದಲಾಗಬೇಕು, ಭಾಗ ಹೊರದೇಶದಿಂದ ಬರಬೇಕು, ಮೂರು ವಾರವಾದರೂ ಬೇಕು. ಹೇಳಿದ ಬೆಲೆ ಹುಡುಗಿಯ ಒಂದು ವರ್ಷದ ಕಾಲೇಜು ಫೀಸಿಗಿಂತ ಹೆಚ್ಚು. ಭಾವ ಫೋನ್ ಇಟ್ಟು, "ನೋಡಿ, ಪೆಟ್ಟಿಗೆಗೂ ಬಿ.ಎಸ್ಸಿ. ಇಷ್ಟ ಇಲ್ಲ" ಎಂದರು. ತಮಾಷೆಗೇ ಹೇಳಿದ್ದು. ಹುಡುಗಿ ನಗಲಿಲ್ಲ, ಕಿಟಕಿಯ ಕಡೆ ತಿರುಗಿ ಕುಳಿತಳು. ಇನ್ನೂ ಎಂಟೂವರೆ. ಗ್ಯಾರೇಜುಗಳು ತೆರೆಯುವುದು ಹತ್ತಕ್ಕೆ. ಕಾಯುವುದಕ್ಕಿಂತ ಮುಂದೆ ಹೋಗುವುದೇ ಲೇಸೆಂದು ಹೊರಟೆವು.

ಸಾಗರದಿಂದ ಬಟ್ಟೆಮಲ್ಲಪ್ಪದ ಮೇಲೆ ಹೊಸನಗರಕ್ಕೆ ಹೋಗುವ ಹಾದಿ ಮಳೆ ಹಿಡಿದ ಮೇಲೆ ನೋಡಬೇಕು. ಅಡಿಕೆ ತೋಟ, ಗದ್ದೆ, ಕಾಡು, ಮತ್ತೆ ತೋಟ. ಗದ್ದೆಯಲ್ಲಿ ಸಸಿಮಡಿಗೆ ನೀರು ನಿಂತಿತ್ತು. ತೋಟಗಳಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ. ಬಿಸಿಲಿನ ಒಂದು ಗಳಿಗೆ ಸಿಕ್ಕರೆ ಸಾಕು, ಕೊನೆಗೌಡರು ಮರ ಹತ್ತುತ್ತಾರೆ. ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣದ ತಿಳಿನೀಲಿ ಬಣ್ಣ ಬೇಲಿಯ ಎಲೆಗಳ ಮೇಲೂ ಇತ್ತು. ಈ ನೀಲಿ ಮುಂದೆ ನಮ್ಮ ಕಥೆಯೊಳಗೆ ಬರುತ್ತದೆ.

ಹೊಸನಗರಕ್ಕೆ ಮೊದಲು ಕಲ್ಲೂರುಕಟ್ಟೆ ಎಂದು ಹೆಸರಿತ್ತು. ತಾಲ್ಲೂಕಿನ ಕಚೇರಿ ನಗರದಿಂದ ಇಲ್ಲಿಗೆ ಬಂದ ಮೇಲೆ ಇದು ಹೊಸ ನಗರವಾಯಿತು. ಹೆಸರು ಹೊಸದಾದರೂ ಊರಿನ ನೆನಪೆಲ್ಲ ನೀರಿನಡಿಯ ಹಳೆಯ ಊರುಗಳದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಈ ತಾಲ್ಲೂಕನ್ನು ಹಾದು ಲಿಂಗನಮಕ್ಕಿಯ ಕಡೆ ಹೋಗುತ್ತದೆ. 1964ರಲ್ಲಿ ಆ ಅಣೆಕಟ್ಟು ಮುಗಿದಾಗ ಸಾಗರ ಹೊಸನಗರ ಎರಡೂ ತಾಲ್ಲೂಕುಗಳ ಹಳ್ಳಿಗಳು, ತೋಟಗಳು, ರಸ್ತೆಗಳು ಮುಳುಗಿದವು. ನಾಡಿಗೆಲ್ಲ ದೀಪ ಹತ್ತಿತು. ಮುಳುಗಡೆಯವರ ಹೊಸ ಮನೆಗಳಿಗೆ ದೀಪ ಬರಲು ಬಹಳ ಕಾಲ ಹಿಡಿಯಿತು. ಶಾಲೆಯಲ್ಲಿ ಜಲವಿದ್ಯುತ್ತಿನ ಪಾಠ ಮಾಡುವಾಗ ಟರ್ಬೈನಿನ ಚಿತ್ರದ ಪಕ್ಕದಲ್ಲಿ ಇದನ್ನೂ ಹೇಳದಿದ್ದರೆ ಪಾಠ ಅರ್ಧವೆಂದು ನನ್ನ ಅಭಿಪ್ರಾಯ.

ಊರೊಳಗೆ ಒಂದು ಗ್ಯಾರೇಜು ಆಗಲೇ ತೆರೆದಿತ್ತು. ಜೀಪು, ಪಿಕಪ್ಪುಗಳ ಕೆಲಸ ಮಾಡುವ ಜಾಗ. ಮೆಕ್ಯಾನಿಕ್ ಇನ್ನೂ ಮೂವತ್ತು ದಾಟದವರು. ಭಾವ, "ಒಂದು ಸ್ಕ್ರೂಡ್ರೈವರ್ ಹಾಕಿ ಮೀಟಿ ಮಾರಾಯ್ರೆ, ಮುರಿದ್ರೆ ಮುರೀಲಿ" ಎಂದರು. ಆತ ತಲೆಯಾಡಿಸಿದ. "ಮೀಟೋದು ಕಷ್ಟ ಅಲ್ಲ ಸಾರ್. ಮೇಲ್ಗಡೆ ಏರ್‌ಬ್ಯಾಗ್ ಅಂತ ಬರ್ದಿದೆ. ಕೆಲವು ದೊಡ್ಡ ಗಾಡೀಲಿ ಮೊಣಕಾಲಿಗೂ ಒಂದು ಬ್ಯಾಗ್ ಇರುತ್ತೆ. ಇದ್ರಲ್ಲಿ ಎಲ್ಲೆಲ್ಲಿದೆ ಅಂತ ನಂಗೊತ್ತಿಲ್ಲ. ಗೊತ್ತಿಲ್ದೆ ಕಬ್ಬಿಣ ಹಾಕಲ್ಲ."

ಈ ಮಾತು ನನಗೆ ಬಹಳ ಹಿಡಿಸಿತು. ಏರ್‌ಬ್ಯಾಗ್ ಎಂದರೆ ಒಂದು ಚಿಕ್ಕ ಸ್ಫೋಟ. ಡಿಕ್ಕಿಯಾದಾಗ ವಿದ್ಯುತ್ ಕಿಡಿಯಿಂದ ರಾಸಾಯನಿಕ ಹೊತ್ತಿಕೊಂಡು ಅನಿಲ ಚೀಲವನ್ನು ತುಂಬುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಕೆಲಸ. ಬ್ಯಾಟರಿಯ ತಂತಿ ಬಿಚ್ಚಿದರೂ ಕೂಡಲೇ ಕೈಹಾಕಬಾರದು, ಏಕೆಂದರೆ ಅಪಘಾತದಲ್ಲಿ ಬ್ಯಾಟರಿಯೇ ಹೋದರೂ ಚೀಲ ಬಿಚ್ಚಲೆಂದು ಒಂದು ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದು ಬರಿದಾಗುವ ತನಕ ಕಾಯಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಕೈ ಹಿಂದೆ ತೆಗೆಯುವವನೇ ಒಳ್ಳೆಯ ಮೆಕ್ಯಾನಿಕ್. ಆತ ದುಡ್ಡೂ ತೆಗೆದುಕೊಳ್ಳಲಿಲ್ಲ. ತೀರ್ಥಹಳ್ಳಿಯಲ್ಲಿ ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವ ಒಬ್ಬರಿದ್ದಾರೆ, ಅವರ ಕೈ ಸೂಕ್ಷ್ಮ, ಅವರಲ್ಲಿ ಕೇಳಿ ಎಂದು ಗುರುತು ಹೇಳಿ ಕಳಿಸಿದ.

ನಗರದ ಮೇಲಿನ ದಾರಿ ಹಿಡಿದೆವು. ನಗರವೆಂದರೆ ಹಿಂದಿನ ಬಿದನೂರು. ಶಿವಪ್ಪ ನಾಯಕನ ಕಾಲದಲ್ಲಿ ಘಟ್ಟದ ಮೇಲಿನ ಮೆಣಸು, ಅಡಿಕೆ, ಅಕ್ಕಿಯ ವ್ಯಾಪಾರವೆಲ್ಲ ಇದರ ಕೈಯಲ್ಲಿತ್ತು. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ಹೈದರನಗರವೆಂದು ಕರೆದ. ಹೈದರನ ಹೆಸರು ಉದುರಿ ನಗರ ಉಳಿಯಿತು. ರಸ್ತೆಯ ಪಕ್ಕದಲ್ಲೇ ಕೋಟೆಯ ಬಾಗಿಲು ಕಾಣುತ್ತದೆ. ಸಾಮಾನ್ಯವಾಗಿ ನಾನು ಇಳಿಯದೆ ಮುಂದೆ ಹೋಗುವವನಲ್ಲ. ಆ ದಿನ ಕಾರು ನಿಲ್ಲಿಸಲಿಲ್ಲ. ಮಳೆ ಬಿದ್ದು ಕಲ್ಲುಗಳು ಕಪ್ಪಾಗಿ ಹೊಳೆಯುತ್ತಿದ್ದವು.

ನಗರ ದಾಟಿದ ಮೇಲೆ ಹುಡುಗಿ ಕೇಳಿದಳು, "ಮಾವ, ಹಿಡಿ ಎಳೆದ್ರೆ ಬಲಗಡೆ ಬಿಡುತ್ತೆ, ಎಡಗಡೆ ಬಿಡಲ್ಲ. ಅಂದ್ರೆ ಒಳಗೆ ಚಿಲಕ ಎರಡು ಇರಬೇಕಲ್ವಾ?"

ಇರಬೇಕು. ಹಳೆಯ ಪತ್ರಿಕೆಯ ಅಂಚಿನಲ್ಲಿ ನಾನು ಚಿತ್ರ ಬರೆದು ತೋರಿಸಿದೆ. ಇಂಥ ಅಗಲವಾದ ಮುಚ್ಚಳಕ್ಕೆ ನಡುವೆ ಒಂದೇ ಚಿಲಕ ಇಟ್ಟರೆ ಎರಡೂ ಮೂಲೆಗಳು ಕಲ್ಲುರಸ್ತೆಯಲ್ಲಿ ಲಟಲಟ ಎನ್ನುತ್ತವೆ. ಆದ್ದರಿಂದ ಎಡಕ್ಕೊಂದು ಬಲಕ್ಕೊಂದು ಚಿಲಕ. ಹಿಡಿಯ ಹಿಂದೆ ಒಂದು ಪುಟ್ಟ ಹಲ್ಲುಗಾಲಿ. ಅದರ ಮೇಲೊಂದು ಕೆಳಗೊಂದು ಹಲ್ಲುಪಟ್ಟಿ. ಗಾಲಿ ತಿರುಗಿದರೆ ಮೇಲಿನ ಪಟ್ಟಿ ಬಲಕ್ಕೆ ಸರಿದಾಗ ಕೆಳಗಿನದು ಎಡಕ್ಕೆ ಸರಿಯುತ್ತದೆ. ಹೀಗೆ ಒಂದೇ ಬೆರಳಿನ ಎಳೆತಕ್ಕೆ ಎರಡೂ ಚಿಲಕಗಳು ನಡುವಿನ ಕಡೆಗೆ ಬಂದು ಮುಚ್ಚಳ ಬಿಡುತ್ತದೆ, ಕೈಬಿಟ್ಟರೆ ಸ್ಪ್ರಿಂಗು ಅವನ್ನು ಹೊರಗೆ ತಳ್ಳುತ್ತದೆ. ಎಡಗಡೆಯ ಪಟ್ಟಿಗೂ ಚಿಲಕಕ್ಕೂ ನಡುವಿನ ಸಂಬಂಧ ಎಲ್ಲೋ ಕಡಿದಿದೆ.

"ಅಂದ್ರೆ ಮುಚ್ಚಳ ಮುರಿಯೋದು ಬೇಡ. ಎಡಗಡೆ ಚಿಲಕಾನ ಒಂದು ಸೆಂಟಿಮೀಟರ್ ಬಲಕ್ಕೆ ಎಳೆದ್ರೆ ಸಾಕು" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಗಿಲು ತೆಗೆದಾಗ ಡ್ಯಾಶ್‌ಬೋರ್ಡಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಬಿಲ್ಲೆ ಇದೆ ಮಾವ. ಅದು ಯಾಕಿದೆ?"

ಆ ಬಿಲ್ಲೆಯನ್ನು ಭಾವ ಒಂದು ವರ್ಷದಿಂದ ದಿನಾ ನೋಡಿದ್ದರು. ನಾನೂ ಆ ದಿನ ಮೂರು ಸಲ ಅದರ ಪಕ್ಕದಲ್ಲೇ ಹತ್ತಿ ಇಳಿದಿದ್ದೆ. ಎಡಗಡೆಯ ಬಾಗಿಲು ತೆರೆದರೆ ಡ್ಯಾಶ್‌ಬೋರ್ಡಿನ ತುದಿಯನ್ನು ಮುಚ್ಚುವ, ಅಂಗೈ ಅಗಲದ ಮುಚ್ಚಳ ಅದು. ತಯಾರಕರು ಅದನ್ನು ಅಲಂಕಾರಕ್ಕೆ ಇಡುವುದಿಲ್ಲ, ಒಳಗಿನ ತಿರುಪು, ಫ್ಯೂಸುಗಳನ್ನು ತಲುಪಲು ಇಡುತ್ತಾರೆ. ಭಾವ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರು, ಏನೂ ಹೇಳಲಿಲ್ಲ. ಕಾರಿನ ವೇಗ ಮಾತ್ರ ಸ್ವಲ್ಪ ಹೆಚ್ಚಾಯಿತು. ಕವಲೇದುರ್ಗದ ಗುಡ್ಡ ಮೋಡದಲ್ಲಿ ಮುಳುಗಿತ್ತು, ಕೋಟೆ ಇದೆಯೆಂದು ಗೊತ್ತಿದ್ದವರಿಗೆ ಮಾತ್ರ ಅಲ್ಲಿ ಕೋಟೆ.

ತೀರ್ಥಹಳ್ಳಿ ಮುಟ್ಟಿದಾಗ ಹನ್ನೆರಡು ಹೊಡೆದಿತ್ತು. ಕುವೆಂಪು ಅವರ ಕುಪ್ಪಳಿ, ಅನಂತಮೂರ್ತಿಯವರು ಹುಟ್ಟಿದ ಮೇಳಿಗೆ, ಎರಡೂ ಇದೇ ತಾಲ್ಲೂಕಿನವು. ಅದಕ್ಕೇ ಹೊರಗಿನವರು ಈ ಊರನ್ನು ಸಾಹಿತಿಗಳ ಊರೆಂದು ತಿಳಿದು ಬರುತ್ತಾರೆ. ಊರಿನವರಿಗೆ ಇದು ಎಳ್ಳಮಾವಾಸ್ಯೆ ಜಾತ್ರೆಯ ಊರು, ಅಡಿಕೆ ವಹಿವಾಟಿನ ಊರು, ತುಂಗೆಯ ಊರು. ತುಂಗೆ ಆಗಲೇ ಕೆಂಪಾಗಿ, ಕಮಾನು ಸೇತುವೆಯ ಕೆಳಗೆ ಕಟ್ಟಿಗೆ ತುಂಡುಗಳನ್ನು ಹೊತ್ತು ಹರಿಯುತ್ತಿದ್ದಳು.

ಅಡಿಕೆ ಯಂತ್ರದವರ ಶೆಡ್ಡು ಪೇಟೆಯಿಂದ ತುಸು ಆಚೆ. ಅಡಿಕೆ ಸುಲಿಯುವುದು ಸುಗ್ಗಿಯ ಕೆಲಸವಾದ್ದರಿಂದ ಜೂನ್‌ನಲ್ಲಿ ಆ ಯಂತ್ರಗಳು ಮೂಲೆಯಲ್ಲಿ ಮಲಗಿದ್ದವು. ಶೆಡ್ಡಿನ ತುಂಬ ಔಷಧಿ ಹೊಡೆಯುವ ಪಂಪುಗಳು, ಹಿತ್ತಾಳೆಯ ನಳಿಗೆಗಳು, ವಾಷರುಗಳು. ಮಾಲೀಕರು ಅರವತ್ತರ ಹತ್ತಿರದವರು, ಕನ್ನಡಕವನ್ನು ದಾರದಿಂದ ಕುತ್ತಿಗೆಗೆ ಕಟ್ಟಿಕೊಂಡಿದ್ದರು. ಕಥೆ ಕೇಳಿ, "ಕಾರು ನಾನು ಮುಟ್ಟೋನಲ್ಲ. ಪೆಟ್ಟಿಗೆ ಅಂದ್ರೆ ನೋಡಬಹುದು" ಎಂದರು.

ಮೊದಲು ಬ್ಯಾಟರಿ. ಬಾನೆಟ್ ಎತ್ತಿದರೆ ಅಲ್ಲಿ ಬ್ಯಾಟರಿಯೇ ಇಲ್ಲ! ಇಂಥ ಗಾಡಿಗಳಲ್ಲಿ ಭಾರ ಹಂಚಲೆಂದು ಅದನ್ನು ಹಿಂದೆ ಡಿಕ್ಕಿಯಲ್ಲಿ ಇಡುವುದುಂಟು. ಡಿಕ್ಕಿಯ ಹಾಸು ಎತ್ತಿ ಋಣ ತುದಿಯ ತಂತಿ ಬಿಚ್ಚಿ ಕಾಲು ಗಂಟೆ ಕಾದೆವು. ಆ ಕಾಲು ಗಂಟೆಯಲ್ಲಿ ಭಾವ ಎಷ್ಟು ಸಲ ಗಡಿಯಾರ ನೋಡಿದರೋ. ಆಮೇಲೆ ಹುಡುಗಿ ಹೇಳಿದ ಬಿಲ್ಲೆಯನ್ನು ಮರದ ಚಕ್ಕೆಯಿಂದ, ಕಬ್ಬಿಣದಿಂದಲ್ಲ, ಮೆಲ್ಲನೆ ಎಬ್ಬಿಸಿದರು. ಫೋನಿನ ಬೆಳಕು ಬಿಟ್ಟರೆ ಗೇಣುದ್ದ ಒಳಗೆ ಕಪ್ಪು ಚಿಲಕದ ತುದಿ ಕಾಣಿಸಿತು. ಅದರ ಹಿಂಬದಿಯಲ್ಲಿ ಮುರಿದ ಕೊಕ್ಕೆಯ ಬಿಳಿಚಿದ ಅಂಚು.

ಯಜಮಾನರ ಕೈ ಒಳಗೆ ಹೋಗಲಿಲ್ಲ. ಇಕ್ಕಳವೂ ತಲುಪಲಿಲ್ಲ. ಅವರು ಗೋಡೆಗೆ ತೂಗುಹಾಕಿದ್ದ ಒಂದು ಮುರುಕು ಕೊಡೆಯಿಂದ ಕಡ್ಡಿ ಕಿತ್ತು, ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ ಹುಡುಗಿಯ ಕೈಗೆ ಕೊಟ್ಟರು. "ನಿನ್ನ ಕೈ ಸಣ್ಣ ಐತಲ್ಲ ತಂಗಿ, ನೀನೇ ನೋಡು. ಅವಸರ ಮಾಡಬ್ಯಾಡ." ಕೊಡೆಯ ಕಡ್ಡಿ ತೆಳ್ಳಗಿದ್ದರೂ ಬಾಗದಿರಲು ಕಾರಣ ಅದರ ಆಕಾರ, ತಗಡನ್ನು ಕಾಲುವೆಯಂತೆ ಮಡಚಿ ಮಾಡಿದ್ದು. ಒಂದೇ ತೂಕದ ಉಕ್ಕು ಚಪ್ಪಟೆಯಾಗಿದ್ದರೆ ಬಾಗುತ್ತದೆ, ಕಾಲುವೆಯಾದರೆ ನಿಲ್ಲುತ್ತದೆ. ಅಡಿಕೆ ಹಾಳೆ ತನ್ನ ಮಡಿಕೆಯಿಂದಲೇ ಗಟ್ಟಿಯಾಗುವುದೂ ಇದೇ ಲೆಕ್ಕ.

ಮೂರು ಸಲ ಕೊಕ್ಕೆ ಜಾರಿತು. ಹೊರಗೆ ಮಳೆ ಶುರುವಾಯಿತು, ತಗಡಿನ ಮಾಡಿನ ಮೇಲೆ ಅದರ ಸದ್ದಿಗೆ ಮಾತು ಕೇಳಿಸದು. ಹುಡುಗಿ ನೆಲದ ಮೇಲೆ ಮೊಣಕಾಲೂರಿ, ಕೆನ್ನೆಯನ್ನು ಬಾಗಿಲ ಚೌಕಟ್ಟಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ಕಾಣದ ಕಡೆ ಕಣ್ಣಿಗಿಂತ ಬೆರಳನ್ನು ನಂಬಬೇಕೆಂದು ಯಾರೂ ಹೇಳಿಕೊಟ್ಟದ್ದಲ್ಲ. "ಈಗ ಎಳೀತೀನಿ, ಅಪ್ಪ, ಹಿಡಿ ಎತ್ತು" ಎಂದಳು. ಭಾವ ಹಿಡಿ ಎತ್ತಿದರು. ಮುಚ್ಚಳ ಮೆಲ್ಲನೆ, ಏನೂ ಆಗಿಯೇ ಇಲ್ಲವೆಂಬಂತೆ, ಕೆಳಕ್ಕೆ ಇಳಿಯಿತು. ನೀಲಿ ಫೈಲು ಅಲ್ಲೇ ಇತ್ತು. ಆಗ ಗಂಟೆ ಒಂದಕ್ಕೆ ಹತ್ತು ನಿಮಿಷ. ಬ್ಯಾಟರಿ ಬಿಚ್ಚಿದ್ದ ಕಾರು ಅಲ್ಲೇ ಬಿತ್ತು. ಲಕ್ಷಗಳ ಗಾಡಿಯನ್ನು ಬಿಟ್ಟು ತಂದೆ ಮಗಳು ಆಟೋ ಹತ್ತಿ ಕಾಲೇಜಿಗೆ ಓಡಿದರು.

ನಾನು ಶೆಡ್ಡಿನಲ್ಲೇ ಉಳಿದೆ. ಮುಚ್ಚಳ ಬಿಚ್ಚಿ ಬೆಂಚಿನ ಮೇಲೆ ಇಟ್ಟ ಮೇಲೆ ಎಲ್ಲ ತಿಳಿಯಿತು. ಹಲ್ಲುಪಟ್ಟಿಯ ತುದಿಯ ಕೊಕ್ಕೆ ಒಳಮೂಲೆಯಲ್ಲಿ ನೇರ ಸೀಳಿತ್ತು. ಆ ಮೂಲೆಯನ್ನು ಗುಂಡಾಗಿ ಮಾಡದೆ ಚೂಪಾಗಿ ಬಿಟ್ಟಿದ್ದರು. ಬಲ ಹರಿಯುವ ದಾರಿಯಲ್ಲಿ ಚೂಪು ಮೂಲೆ ಇದ್ದರೆ ಒತ್ತಡ ಅಲ್ಲೇ ಗುಂಪುಗೂಡುತ್ತದೆ. ಶಾಂಪೂ ಪೊಟ್ಟಣದ ಅಂಚಿನಲ್ಲಿ ಚಿಕ್ಕ ಕಚ್ಚು ಇಟ್ಟಿರುವುದು ಇದಕ್ಕೇ. ಕಚ್ಚು ಇಲ್ಲದ ಕಡೆ ಹಲ್ಲು ಹಾಕಿದರೂ ಹರಿಯದು. 1954ರಲ್ಲಿ ಕಾಮೆಟ್ ಎಂಬ ಬ್ರಿಟಿಷ್ ಜೆಟ್ ವಿಮಾನಗಳು ಎರಡು ಆಕಾಶದಲ್ಲೇ ಒಡೆದು ಬಿದ್ದಾಗ ನಡೆದ ಪರೀಕ್ಷೆಗಳಲ್ಲಿ, ವಿಮಾನದ ಮೈಯಲ್ಲಿ ಕೊರೆದ ಕಿಂಡಿಗಳ ಮೂಲೆಗಳಿಂದಲೇ ಬಿರುಕು ಹೊರಟದ್ದು ಕಂಡಿತು. ಇವತ್ತಿಗೂ ವಿಮಾನದ ಕಿಟಕಿಯ ಮೂಲೆ ಗುಂಡಗಿರುತ್ತದೆ. ಒಂದು ದಿನದ ಎಳೆತಕ್ಕೆ ಮುರಿಯದ ವಸ್ತು ಹತ್ತು ಸಾವಿರ ಎಳೆತಕ್ಕೆ ಮುರಿಯುವುದನ್ನು ದಣಿವು ಎಂದೇ ಲೋಹಶಾಸ್ತ್ರದವರು ಕರೆಯುತ್ತಾರೆ. ಪ್ಲಾಸ್ಟಿಕ್ಕಿಗೂ ದಣಿವುಂಟು.

ಯಜಮಾನರು ಮುರಿದ ಚೂರನ್ನು ಬಕೆಟ್ ನೀರಿಗೆ ಹಾಕಿದರು. ಮುಳುಗಿತು. ಇದು ಅವರ ಪ್ರಯೋಗಶಾಲೆ. ಪಾಲಿಪ್ರೊಪಿಲೀನ್ ಆದರೆ ಸಾಂದ್ರತೆ ನೀರಿಗಿಂತ ಕಡಿಮೆ, ಸುಮಾರು 0.9, ತೇಲುತ್ತದೆ, ಅದಕ್ಕೆ ಯಾವ ಅಂಟೂ ಸರಿಯಾಗಿ ಹಿಡಿಯದು. ಎಬಿಎಸ್ ಪ್ಲಾಸ್ಟಿಕ್ ಮುಳುಗುತ್ತದೆ, ಅಸಿಟೋನಿನಲ್ಲಿ ಕರಗುತ್ತದೆ, ಆದ್ದರಿಂದ ಅದರದೇ ಚೂರನ್ನು ಕರಗಿಸಿ ಬೆಸೆಯಬಹುದು. ನಮ್ಮದು ಗಾಜಿನ ನಾರು ಬೆರೆಸಿದ ನೈಲಾನು. ಹಿಂಬದಿಯಲ್ಲಿ ಹಾಗೆಂದು ಅಚ್ಚು ಒತ್ತಿಯೇ ಇತ್ತು. ಸಾಮಾನಿನ ಹಿಂಬದಿಯ ಈ ಗುರುತುಗಳನ್ನು ಓದುವ ಅಭ್ಯಾಸ ಮಕ್ಕಳಿಗೆ ಮಾಡಿಸಿದರೆ ಅದೊಂದು ಒಳ್ಳೆಯ ಆಟ. ಆದರೆ ಟಾಲ್ಕ್ ಪುಡಿ ಬೆರೆಸಿದ ಪಾಲಿಪ್ರೊಪಿಲೀನೂ ಮುಳುಗಬಲ್ಲದು, ಬಕೆಟನ್ನೇ ನಂಬಿ ಕೂರಬಾರದು.

ಫೆವಿಕ್ವಿಕ್‌ನಂಥ ಅಂಟು ಹಾಕಿದರೆ? ನಾನು ಕೇಳಿದ್ದಕ್ಕೆ ಅವರು ನಕ್ಕರು. ಆ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥದು, ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ? ಮೇಲೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. (ಮಕ್ಕಳು ಇದನ್ನು ಒಬ್ಬರೇ ಮಾಡಬಾರದು, ಕಾವು ಹುಟ್ಟುತ್ತದೆ, ಹೊಗೆ ಕಣ್ಣಿಗೆ ಕೆಟ್ಟದ್ದು.) ಆದರೆ ಕಲ್ಲಾದದ್ದು ಎಳೆತಕ್ಕೆ ಆಗದು. ದಿನಾ ಎಳೆಯುವ ಕಡೆ ಅಂಟಿನ ಮೇಲೆ ಭಾರ ಹಾಕಬಾರದು ಎಂದು ಅವರ ಅನುಭವ.

ಅವರು ಮಾಡಿದ್ದು ಹೀಗೆ. ಒಂದು ಹಳೆಯ ಔಷಧಿ ನಳಿಗೆಯನ್ನು ಸೀಳಿ, ಬಡಿದು ಚಪ್ಪಟೆ ಮಾಡಿ, ಬೆರಳುದ್ದದ ಹಿತ್ತಾಳೆ ಪಟ್ಟಿ ಕತ್ತರಿಸಿದರು. ಔಷಧಿ ಪಂಪುಗಳಲ್ಲಿ ಹಿತ್ತಾಳೆ ಏಕೆಂದರೆ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ದ್ರಾವಣದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ. ಹತ್ತನೆಯ ತರಗತಿಯಲ್ಲಿ ಮೊಳೆಯನ್ನು ನೀಲಿ ನೀರಿಗೆ ಅದ್ದಿ ತೋರಿಸುವ ಸ್ಥಾನಪಲ್ಲಟ ಕ್ರಿಯೆ ಇದೇ. ಹೀಗೆ ತೋಟದ ರಸಾಯನಶಾಸ್ತ್ರದಿಂದ ಆ ಶೆಡ್ಡಿನಲ್ಲಿ ಹಿತ್ತಾಳೆ ಯಾವಾಗಲೂ ಉಂಟು. ಪಟ್ಟಿಯ ಒಂದು ತುದಿಯನ್ನು ಹಲ್ಲುಪಟ್ಟಿಗೆ, ಇನ್ನೊಂದನ್ನು ಚಿಲಕಕ್ಕೆ ಸಣ್ಣ ತಿರುಪು, ನಟ್ಟುಗಳಿಂದ ಕೂಡಿಸಿದರು. ಒಳಮೂಲೆಯನ್ನು ಇಲಿಬಾಲದ ಅರದಿಂದ ಗುಂಡಗೆ ಉಜ್ಜಿದರು. ಚಿಲಕದ ತೂತನ್ನು ಗುಂಡಗೆ ಬಿಡದೆ ತುಸು ಉದ್ದ ಮಾಡಿದ್ದು ಏಕೆಂದು ಕೇಳಿದೆ. "ನೈಲಾನು ಮಳೆಗಾಲದಲ್ಲಿ ನೀರು ಕುಡೀತದೆ ಮೇಷ್ಟ್ರೇ, ಬಾಗಿಲು ಉಬ್ಬಿದಂಗೆ ಉಬ್ತದೆ. ಓಡಾಡಕ್ಕೆ ಜಾಗ ಬೇಕು." ಹೊಸನಗರ ತಾಲ್ಲೂಕಿನ ಹುಲಿಕಲ್, ಈ ತಾಲ್ಲೂಕಿನ ಆಗುಂಬೆ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳು. ವಿದೇಶದಲ್ಲಿ ನಕ್ಷೆ ಬರೆದವರು ಇದನ್ನು ಎಣಿಸಿರಲಾರರು.

ಮುಚ್ಚಳವನ್ನು ಮೆಲ್ಲನೆ ಇಳಿಸುವ ಚಿಕ್ಕ ಡ್ಯಾಂಪರ್ ಸರಿಯಾಗಿಯೇ ಇತ್ತು. ಗಟ್ಟಿ ಗ್ರೀಸಿನಲ್ಲಿ ತಿರುಗುವ ಪುಟ್ಟ ಗಾಲಿ ಅದು. ನಿಧಾನಕ್ಕೆ ತಳ್ಳಿದರೆ ಬಿಡುತ್ತದೆ, ಜೋರು ಮಾಡಿದರೆ ತಡೆಯುತ್ತದೆ. ಪೆಟ್ಟಿಗೆಯ ಹಿಂದೆ ಗಾಳಿ ಸೋಸುವ ಫಿಲ್ಟರಿನಲ್ಲಿ ಕೊಳೆತ ಎಲೆ, ಇಲಿ ತಂದಿಟ್ಟ ಅಡಿಕೆ ಸಿಪ್ಪೆ ಸಿಕ್ಕಿತು. ಮಳೆಗಾಲದಲ್ಲಿ ಕಾರಿನೊಳಗೆ ಬರುತ್ತಿದ್ದ ಬೂಷ್ಟಿನ ವಾಸನೆಗೆ ಭಾವ ಮೂರು ಬಗೆಯ ಸುಗಂಧ ತೂಗುಹಾಕಿದ್ದರು.

ಅವರು ಮರಳಿದಾಗ ಮೂರು ಗಂಟೆ. ಹುಡುಗಿಯ ಕೈಯಲ್ಲಿ ಫೀಸು ಕಟ್ಟಿದ ರಸೀದಿ ಇತ್ತು. ಭಾವ ಯಜಮಾನರಿಗೆ ಎಷ್ಟಾಯಿತೆಂದು ಕೇಳಿದರು. ಮುನ್ನೂರೈವತ್ತು. ಭಾವ ಐನೂರು ಕೊಟ್ಟು ಚಿಲ್ಲರೆ ಬೇಡವೆಂದರೆ ಯಜಮಾನರು ಒಪ್ಪದೆ ನೂರೈವತ್ತು ಎಣಿಸಿ ಕೊಟ್ಟರು. "ಪಂಪಿನ ನಳಿಗೆ ಹಳೇದು, ಕೊಡೆ ಕಡ್ಡಿ ಹಳೇದು. ಕೈಕೂಲಿ ಅಷ್ಟೆ" ಎಂದರು. ಮತ್ತೆ ಹುಡುಗಿಯ ಕಡೆ ತಿರುಗಿ, "ದೀಪಾವಳಿ ಹೊತ್ತಿಗೆ ತೇವ ಆರ್ತದೆ. ಆಗ ಎಡಗಡೆ ತಿರುಪು ಕಾಲು ಸುತ್ತು ಬಿಗಿ ಮಾಡ್ಬೇಕು" ಎಂದರು.

ಮರಳುವಾಗ ಭಾವ ಬಹಳ ದೂರ ಮಾತಾಡಲಿಲ್ಲ. ಹುಡುಗಿ ಅಜ್ಜಿಯ ಮನೆಯಲ್ಲೇ ಉಳಿದಿದ್ದಳು. ಹೊಸನಗರ ದಾಟುವಾಗ ಬೆಂಗಳೂರಿನ ಕಾಲೇಜಿನಿಂದ ಮತ್ತೆ ಫೋನ್ ಬಂತು. ಭಾವ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಮಗಳು ಸೇರಿಯಾಯಿತು ಎಂದರು. ಯಾವ ಕಾಲೇಜು, ಯಾವ ಕೋರ್ಸು ಎಂದು ಅತ್ತಲಿಂದ ಕೇಳಿರಬೇಕು. "ಫಿಸಿಕ್ಸು" ಎಂದಷ್ಟೇ ಹೇಳಿ ಇಟ್ಟರು.

ದೀಪಾವಳಿಗೆ ಅವಳನ್ನು ಕರೆತರಲು ಭಾವನ ಜೊತೆ ನಾನೂ ಹೋಗಿದ್ದೆ. ಅಜ್ಜಿಯ ಮನೆಯ ಅಂಗಳದಲ್ಲಿ ಕಾರು ನಿಂತ ಕೂಡಲೇ ಹುಡುಗಿ ಎಡಗಡೆಯ ಬಾಗಿಲು ತೆರೆದು, ಪೆಟ್ಟಿಗೆಯ ಮುಚ್ಚಳ ಇಳಿಸಿ, ತನ್ನದೇ ತಿರುಪುಳಿಯಿಂದ ಕಾಲು ಸುತ್ತು ಬಿಗಿ ಮಾಡಿದಳು.